ಹಾಡಿಗೆ ಬೇಕಾದ ಒಂದು ಹೆಸರು

ಅಣವೀರಪ್ಪ ಮಾಸ್ತರರು ಒಂದು ಕಡೆ ಸುಮ್ಮನೆ ಕೂತದ್ದನ್ನು ಕಂಡವರು ಕಲಬುರ್ಗಿಯಲ್ಲಿ ಯಾರೂ ಇರಲಿಲ್ಲ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರದು ಎರಡಂಕಣದ ಮನೆ. ಬೆಳಗಾದರೆ ಆ ಗೋಡೆಯಿಂದ ಈ ಗೋಡೆಗೆ ತಿರುಗುತ್ತ, ಬೆರಳಿನಿಂದ ತೊಡೆ ತಟ್ಟುತ್ತ ಹಾಡು ಕಟ್ಟುವರು. ಹೆಂಡತಿ ಶಂಕ್ರಮ್ಮ ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳಕ್ಕೂ ತಕರಾರು.

"ತುಸು ನಿಧಾನ ಬಡಿ. ನಾಲ್ಕಕ್ಕ ನಾಲ್ಕು ಕೂಡವಲ್ದು."

"ನಿಮ್ಮ ಹಾಡಿನ ತಾಳಕ್ಕ ಬಡದ್ರ ರೊಟ್ಟಿ ಹರೀತದ್ರಿ," ಎಂದು ಆಕೆ ಇನ್ನಷ್ಟು ಜೋರಾಗಿ ಬಡಿಯುವಳು.

ಹಗಲೆಲ್ಲ ನಿಜಾಮ ಸರ್ಕಾರದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುವುದು ಅವರ ನೌಕರಿ. ಅವ್ವನ ಹತ್ತಿರ ಕನ್ನಡದಲ್ಲಿ ಅಳುವ ಮಕ್ಕಳು ಶಾಲೆಯಲ್ಲಿ ಮಗ್ಗಿಯನ್ನು ಉರ್ದುವಿನಲ್ಲಿ ಒಪ್ಪಿಸುವಾಗ ಮಾಸ್ತರರು ಮುಖ ತಿರುಗಿಸಿ ಕಿಟಕಿಯಾಚೆ ನೋಡುವರು. ಈ ಮಕ್ಕಳಿಗೆ ಕನ್ನಡದಲ್ಲಿ ಒಂದು ಹಾಡಿನ ಪುಸ್ತಕ ಬೇಕು, ಅದನ್ನು ತಾವೇ ಬರೆಯಬೇಕು ಎಂಬ ಹುಚ್ಚು ಹತ್ತಿ ಮೂರು ವರ್ಷವಾಗಿತ್ತು. ಇಪ್ಪತ್ತನಾಲ್ಕು ಹಾಡು ಸಿದ್ಧವಾಗಿದ್ದವು. ಇನ್ನೊಂದಾದರೆ ಸೊಲ್ಲಾಪುರದ ಛಾಪಖಾನೆಗೆ ಕಳಿಸಬಹುದು.

ಹಾಡು ಪುಸ್ತಕ ಸೇರಬೇಕಾದರೆ ಅದಕ್ಕೊಂದು ಪರೀಕ್ಷೆಯಿತ್ತು. ಶಂಕ್ರಮ್ಮನ ತವರು ಕಮಲಾಪುರ. ಶುಕ್ರವಾರ ಶಾಲೆಗೆ ರಜೆ, ಕಮಲಾಪುರದಲ್ಲಿ ಸಂತೆ. ಗುರುವಾರ ಶಾಲೆ ಬಿಟ್ಟೊಡನೆ ಮಾಸ್ತರರು ವ್ಯಾಪಾರಿಗಳ ಗಾಡಿ ಹತ್ತಿ ಹೋಗಿ, ಸಂತೆಯ ಮಕ್ಕಳಿಗೆ ಹೊಸ ಹಾಡು ಹೇಳಿಕೊಟ್ಟು ಬರುವರು. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಕೇಳುವರು. ಮಕ್ಕಳ ಬಾಯಲ್ಲಿ ಉಳಿದದ್ದು ಹಾಡು, ಮರೆತದ್ದು ಕಸ. ಪಂಡಿತರ ಪರೀಕ್ಷೆಗಿಂತ ಇದು ಕಠಿಣ. ಎಷ್ಟೋ ಒಳ್ಳೊಳ್ಳೆಯ ಹಾಡುಗಳನ್ನು ಆ ಮಕ್ಕಳು ಮುಲಾಜಿಲ್ಲದೆ ಮರೆತಿದ್ದವು.

ಇಪ್ಪತ್ತೈದನೆಯದು ಕಮಲಾಪುರದ ಕೆಂಪು ಬಾಳೆಯ ಮೇಲಿನದು.

ಕೆಂಪನೆ ಬಾಳೆಯ ಗೊನೆಯೊಂದಿತ್ತು,
ಬೆಳಗಿನ ಜಾವಕೆ ಎಲ್ಲಿಗೆ ಹೋಯ್ತು?
ಕೇಳಿರಿ ಕೇಳಿರಿ ಶೇವಂತಾಗ,
ಸಿಪ್ಪೆಯು ಸಿಕ್ಕಿತು ಉಡಿಯೊಳಗೀಗ!

ಆ ಹೆಸರು ಎಲ್ಲಿಂದ ಬಂತೆಂದರೆ, ತಾಳದಿಂದ ಬಂತು. ಮೂರನೆಯ ಸಾಲಿನ ತುದಿಗೆ ಒಂದು ಹೆಸರು ಬೇಕಾಗಿತ್ತು. ಮಾಸ್ತರರು ತೊಡೆ ತಟ್ಟಿ ತಟ್ಟಿ ಹತ್ತು ಹೆಸರು ತೂಗಿ ನೋಡಿ, ಶೇವಂತಾ ಸರಿಯಾಗಿ ಕೂತಾಗ ಕುಣಿದಾಡಿಬಿಟ್ಟರು. ಹದಿನೈದು ದಿನ ಕಳೆಯುವ ಮೊದಲೇ ಹಾಡು ಬಾಳೆಹಣ್ಣಿನ ಗಾಡಿಗಳ ಜೊತೆ ಕಲಬುರ್ಗಿಗೆ ಬಂತು. ಅವರ ಓಣಿಯ ಮಕ್ಕಳೇ ಅದನ್ನು ಹಾಡುತ್ತ ಗೋಲಿ ಆಡಿದವು. ಇದೇ ಪುಸ್ತಕದ ಮೊದಲ ಹಾಡಾಗಲಿ ಎಂದು ಮಾಸ್ತರರು ನಿಶ್ಚಯಿಸಿ, ಮರುವಾರ ಬೀಗುತ್ತ ಕಮಲಾಪುರಕ್ಕೆ ಹೋದರು.

ಸಂತೆಯಲ್ಲಿ ಕಾಲಿಡುತ್ತಿದ್ದಂತೆ ಹಾಡು ಕಿವಿಗೆ ಬಿತ್ತು. ಹತ್ತು ಹನ್ನೆರಡು ಮಕ್ಕಳು ಹುಣಸೆಮರದ ಬುಡದಲ್ಲಿ ಕುಣಿಯುತ್ತಿದ್ದವು. ಮಾಸ್ತರರು ಕಣ್ಣುಮುಚ್ಚಿ ಕೇಳಿದರು, ಒಂದಕ್ಷರವೂ ಬಿದ್ದಿರಲಿಲ್ಲ. ಕಣ್ಣು ತೆರೆದಾಗ ಕಂಡದ್ದು, ಮಕ್ಕಳ ನಡುವೆ ಕಿವಿ ಮುಚ್ಚಿಕೊಂಡು ಕುಕ್ಕರಿಸಿದ್ದ ಏಳೆಂಟು ವರ್ಷದ ಹುಡುಗಿ. ಆಕೆಯನ್ನು ಎಳೆದುಕೊಳ್ಳಲು ಬಂದ ಹೆಂಗಸು ಮಾಸ್ತರರನ್ನು ಕಂಡು, ಊರಾಚೆಯ ಕೇರಿಯವರು ಮೇಲ್ಜಾತಿಯವರೆದುರು ನಿಲ್ಲಬೇಕಾದಷ್ಟು ದೂರದಲ್ಲೇ ನಿಂತಳು.

"ಮಾಸ್ತರರೇ, ಈ ಹಾಡು ಕಟ್ಟಿದವ್ರು ನೀವೇ ಅಲ್ರೀ?"

"ಹೌದವ್ವಾ, ನಾನೇ," ಎಂದರು ಮಾಸ್ತರರು. ಇನ್ನೂ ಹಿಗ್ಗು ಇಳಿದಿರಲಿಲ್ಲ.

"ನನ್ನ ಮಗಳು ನಿಮಗೇನು ಮಾಡ್ಯಾಳ್ರಿ?"

ಆಕೆ ಸಾಬಮ್ಮ. ಐದು ವರ್ಷದಿಂದ ಗುರುಲಿಂಗಪ್ಪನ ಬಾಳೆತೋಟದಿಂದ ಸಂತೆಗೆ ಗೊನೆ ಹೊರುವವಳು. ಹುಡುಗಿಯ ಹೆಸರು ಶೇವಂತಾ. ಹಾಡು ಬಂದ ವಾರವೇ ತೋಟದಲ್ಲಿ ಒಂದು ಗೊನೆ ಕಾಣೆಯಾಗಿತ್ತು. ಊರೆಲ್ಲ ಹಾಡುತ್ತಿದ್ದುದನ್ನು ಗುರುಲಿಂಗಪ್ಪನೂ ಕೇಳಿದ. ತಾಯಿ ಮಗಳಿಬ್ಬರೂ ತೋಟದ ಬೇಲಿ ದಾಟಕೂಡದು ಎಂದುಬಿಟ್ಟ.

"ಅದು ಬರೇ ಒಂದು ಹೆಸರವ್ವಾ. ಹಾಡಿಗಿ ಹೊಂದ್ತು, ಹಾಕ್ದೆ. ನಿನ್ನ ಮಗಳು ಇದ್ದಾಳಂತ ನನಗ ಗೊತ್ತೇ ಇದ್ದಿಲ್ಲ."

"ಗೊತ್ತಿಲ್ಲದವ್ರ ಮ್ಯಾಲ ಕಳ್ಳತನ ಹೊರಸ್ಬಹುದೇನ್ರಿ?" ಎಂದಳು ಸಾಬಮ್ಮ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಮಾಸ್ತರರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಿಂತ ಕಾಲಲ್ಲೇ ಅವರು ತೋಟಕ್ಕೆ ಓಡಿದರು. ಗುರುಲಿಂಗಪ್ಪ ಮರ್ಯಾದೆಯ ಮನುಷ್ಯ. ಕಂಬಳಿ ಹಾಸಿ ಕೂಡಿಸಿದ, ಮಾತೆಲ್ಲ ಕೇಳಿದ, ಕೊನೆಗೆ ನಕ್ಕ.

"ಹಾಡು ಸುಳ್ಳಾಗಿದ್ರ ಊರೆಲ್ಲ ಯಾಕ ಹಾಡ್ತದ್ರಿ? ನಿಮ್ಮಂಥ ಓದಿದವ್ರು ಸುಮ್ಮಸುಮ್ಮನ ಬರೀತೀರೇನು? ಆ ಹೆಣ್ಮಗಳ ಮ್ಯಾಲ ನಿಮಗ ಕನಿಕರ ಹುಟ್ಯಾದ, ಅದಕ್ಕ ಹಿಂಗಂತೀರಿ."

ಇಷ್ಟು ವರ್ಷ ತಮ್ಮ ಹಾಡನ್ನು ದೊಡ್ಡವರು ಯಾರೂ ನಂಬುವುದಿಲ್ಲವೆಂದು ಕೊರಗಿದ್ದ ಮಾಸ್ತರರಿಗೆ, ನಂಬಿದವನೊಬ್ಬ ಸಿಕ್ಕಿದ್ದು ಹೀಗೆ. ಸಂತೆಗೆ ಮರಳಿ ಮಕ್ಕಳಿಗೆ, "ಆ ಹಾಡು ಹಾಡಬ್ಯಾಡ್ರಿ, ಅದು ಸುಳ್ಳು," ಎಂದು ಗದರಿದರು. ಬೇಡವೆಂದ ಹಾಡಿನ ರುಚಿಯೇ ಬೇರೆ. ಮಕ್ಕಳು ಗಾಡಿಯ ಹಿಂದೆ ಊರ ಗಡಿಯವರೆಗೂ ಅದನ್ನೇ ಹಾಡುತ್ತ ಬಂದವು.

ಮನೆಗೆ ಬಂದು ವಹಿ ತೆಗೆದು ಆ ಹಾಡಿನ ಮೇಲೆ ಗೀಟು ಹೊಡೆದರು. ಕಾಗದದ ಮೇಲಿನದು ಹೋಯಿತು, ಬಾಯಲ್ಲಿದ್ದದ್ದು ಹೋದೀತೇ? ಶನಿವಾರ ಶಾಲೆಯಲ್ಲಿ ಏಳರ ಮಗ್ಗಿ ತಪ್ಪಿ ಹೇಳಿ ಮಕ್ಕಳಿಂದ ನಗಿಸಿಕೊಂಡರು. ಭಾನುವಾರ ಊಟ ಬಿಟ್ಟರು. ಸಾಬಮ್ಮ ಈ ವಾರ ಏನು ಉಂಡಾಳು ಎಂಬುದೇ ತಲೆಯಲ್ಲಿ. ಬಾಯಿಗೆ ಹತ್ತಿದ ಹಾಡನ್ನು ಓಡಿಸಬೇಕಾದರೆ ಅದಕ್ಕಿಂತ ರುಚಿಯಾದ ಹಾಡೇ ಬೇಕು, ಅದೇ ತಾಳ, ಬೇರೆ ಹೆಸರು. ಆದರೆ ಯಾವ ಹೆಸರು? ಅಂಬಮ್ಮ ಎಂದರೆ ಒಬ್ಬ ಅಂಬಮ್ಮ ಇದ್ದೇ ಇರುತ್ತಾಳೆ. ಮಾಪಣ್ಣ ಎಂದರೆ ಎಲ್ಲೋ ಒಬ್ಬ ಮಾಪಣ್ಣ ಕಿವಿ ಮುಚ್ಚಿಕೊಂಡು ಕೂಡುತ್ತಾನೆ. ಒಡೆಯರಿಲ್ಲದ ಹೆಸರು ಒಂದೂ ಸಿಗಲಿಲ್ಲ.

ಮಂಗಳವಾರ ಬೆಳಿಗ್ಗೆ ತಟ್ಟನೆ ಹೊಳೆಯಿತು: "ನುಂಗಿದ ನುಂಗಿದ ಗುರುಲಿಂಗಪ್ಪ!" ಎಂಥ ಚೆಂದ ಕೂತಿತ್ತು! ಉಣ್ಣಲಿ ಮಗ, ಅವನಿಗೂ ರುಚಿ ತಿಳಿಯಲಿ ಎಂದು ಮಾಸ್ತರರು ಚಪ್ಪಾಳೆ ತಟ್ಟಿದರು. ಶಂಕ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮತ್ತ ಅದೇ ಕೆಲಸ ಮಾಡಾಕತ್ತೀರಿ ನೋಡ್ರಿ. ಇನ್ನೊಬ್ಬರ ಹೆಸರಂದ್ರ ನಿಮ್ಮ ಕೈಗಿ ಹಗೂರ. ನಿಮ್ಮ ಹೆಸರು ಹೊಂದಂಗಿಲ್ಲೇನು?"

ಮಾಸ್ತರರ ಬೆರಳು ತಾನಾಗಿಯೇ ತೊಡೆಯ ಮೇಲೆ ಹೋಯಿತು. ಹೊಂದಿತು. ಮೊದಲಿನಿಂದಲೂ ಹೊಂದುತ್ತಿತ್ತು, ತೂಗಿ ನೋಡಿದ ಹತ್ತು ಹೆಸರಲ್ಲಿ ತಮ್ಮದನ್ನು ಸೇರಿಸಬೇಕೆಂದೇ ಅವರಿಗೆ ಹೊಳೆದಿರಲಿಲ್ಲ.

ಶುಕ್ರವಾರ ಹುಣಸೆಮರದ ಬುಡದಲ್ಲಿ, ಕಡ್ಡಿಯಂಥ ಮಾಸ್ತರರು ಇಲ್ಲದ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಣಿದು ಹೇಳಿಕೊಟ್ಟರು:

ಕೆಂಪನೆ ಬಾಳೆಯ ಗೊನೆಯೊಂದಿತ್ತು,
ಬೆಳಗಿನ ಜಾವಕೆ ಎಲ್ಲಿಗೆ ಹೋಯ್ತು?
ನುಂಗಿದ ನುಂಗಿದ ಅಣವೀರಪ್ಪ,
ಹೊಟ್ಟೆಯು ಆಯಿತು ಗುಡಾಣದಪ್ಪ!

ಮಾಸ್ತರರನ್ನು ಹೆಸರು ಹಿಡಿದು ಕರೆಯಲು, ಅದೂ ಕಳ್ಳನೆಂದು ಕರೆಯಲು ಅಪ್ಪಣೆ! ಮಕ್ಕಳಿಗೆ ಸ್ವರ್ಗ ಸಿಕ್ಕಿತು. ಹಳೆಯ ಹಾಡು ಒಂದೇ ದಿನದಲ್ಲಿ ಹಳಸಿತು. ಮೂರನೆಯ ದಿನಕ್ಕೆ ಹೊಸದು ಕಲಬುರ್ಗಿ ತಲುಪಿತು. ಓಣಿಯ ಮಕ್ಕಳು ಅವರ ಕಿಟಕಿಯ ಕೆಳಗೇ ನಿಂತು ಹಾಡಿದವು. ಶಾಲೆಯಲ್ಲಿ ಹೆಡ್‌ಮಾಸ್ತರ ಸಾಹೇಬರು ಎಲ್ಲರೆದುರು, "ಕ್ಯಾ ಅಣವೀರಪ್ಪ, ಕೇಲೇ ಮೀಠೇ ಥೇ?" ಎಂದು ಹಣ್ಣಿನ ರುಚಿ ವಿಚಾರಿಸಿದರು. ಮಾಸ್ತರರು ನಕ್ಕರು. ನಕ್ಕದ್ದು ಸುಳ್ಳು. ಮಾಡದ ಕಳ್ಳತನದ ಹೆಸರು ಹೊತ್ತು ರಸ್ತೆಯಲ್ಲಿ ನಡೆಯುವುದು ಹೇಗಿರುತ್ತದೆಂದು ಮೂವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ತಿಳಿಯಿತು.

ಎರಡು ವಾರ ಬಿಟ್ಟು ಕಮಲಾಪುರಕ್ಕೆ ಹೋದಾಗ ಗುರುಲಿಂಗಪ್ಪ ದೂರದಿಂದಲೇ ಕೈಮುಗಿದ. "ನಿಮ್ಮನ್ನ ತೋಟದಾಗ ಬಿಡೋದು ಹ್ಯಾಂಗ್ರಿ ಮಾಸ್ತರರೇ, ಊರೆಲ್ಲ ಹಾಡ್ತದ!" ಎಂದು ಹೊಟ್ಟೆ ಹಿಡಿದು ನಕ್ಕು, "ಸಾಬಮ್ಮಗ ಮೊನ್ನೆನೇ ಕೆಲಸಕ್ಕ ಬಾ ಅಂದೀನ್ರಿ," ಎಂದ. ಹಾಡನ್ನು ನಂಬಿ ಕೆಲಸ ಬಿಡಿಸಿದ್ದಕ್ಕೆ ಅವನಿಗೂ ಒಳಗೊಳಗೆ ನಾಚಿಕೆಯಾಗಿತ್ತು. ಸಾಬಮ್ಮ ಗೊನೆ ಇಳಿಸುತ್ತಿದ್ದಳು. ಸಂತೆಯ ಮಕ್ಕಳು ಮಾಸ್ತರರನ್ನು ಸುತ್ತುಗಟ್ಟಿ ಅಣವೀರಪ್ಪನನ್ನು ನುಂಗಿಸತೊಡಗಿದವು.

ಶೇವಂತಾ ಮಾತ್ರ ಅವ್ವನ ಬುಟ್ಟಿಯ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿದ್ದಳು. ಯಾರಿಗಾಗಿ ಇಷ್ಟೆಲ್ಲ ಮಾಡಿದ್ದೋ ಆಕೆಯೇ ಹಾಡುತ್ತಿಲ್ಲ! ಮಾಸ್ತರರಿಗೆ ತಡೆಯಲಾಗಲಿಲ್ಲ. ದೂರ ಮರೆತು ಹತ್ತಿರ ಹೋದರು.

"ನೀ ಯಾಕ ಹಾಡವಲ್ಲಿ ತಂಗಿ? ನಿನ್ನ ಸಲುವಾಗೇ ಕಟ್ಟೀನಿ. ಹಾಡು, ಜೋರಾಗಿ ಹಾಡು."

ಹುಡುಗಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನೀವು ತಿಂದೀರೇನ್ರಿ?"

"ಇಲ್ಲವ್ವಾ."

"ಹಂಗಾದ್ರ ನಾ ಹಾಡಂಗಿಲ್ರಿ," ಎಂದಳು. ಆಮೇಲೆ ನೆಲ ನೋಡುತ್ತ, ಅವ್ವನಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ನಾನೂ ತಿಂದಿಲ್ರಿ."

ಮಾಸ್ತರರು ಸಾಬಮ್ಮನಿಗೆ ವಿವರ ಹೇಳಿದ್ದರು, ಗುರುಲಿಂಗಪ್ಪನ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟಿದ್ದರು, ಊರ ಮಕ್ಕಳನ್ನು ಗದರಿದ್ದರು, ಎರಡೆರಡು ಹಾಡು ಕಟ್ಟಿದ್ದರು. ನೀ ತಿಂದೀಯೇನು ಎಂಬ ಒಂದು ಮಾತನ್ನು ಈ ಹುಡುಗಿಯನ್ನು ಅವರು ಕೇಳಿರಲಿಲ್ಲ.