ಗಾಡಿ ಹೋದ ಮೇಲೆ

ಜಿಂಕೆಗೆ ಓಡುವ ಗಾಡಿಯ ಭಯವಿಲ್ಲ, ನಿಂತ ಗಾಡಿಯ ಭಯ. ವಿಸ್ಕಾನ್ಸಿನ್‌ನ ನಮ್ಮ ಕಡೆ ಇದು ತೊಟ್ಟಿಲ ಕೂಸಿಗೂ ಗೊತ್ತು. ಹೊಲದ ಪಕ್ಕ ಹಾಲಿನ ಲಾರಿ ಗಡಗಡ ಹೋದರೂ ತಲೆ ಎತ್ತದ ಜಿಂಕೆ, ಎಂಜಿನ್ ಆರಿ ಬಾಗಿಲು ಧಡ್ಡೆಂದರೆ ಬಿಳಿ ಬಾಲ ಎತ್ತಿ ಮಾಯ. ಅದಕ್ಕೇ ಬೇಟೆಗಾರನನ್ನು ಇನ್ನೊಬ್ಬರು ಬಿಟ್ಟು ಬರಬೇಕು. ಇಳಿದವನು ಬಾಗಿಲನ್ನು ಸದ್ದಿಲ್ಲದೆ ಒರಗಿಸುತ್ತಾನೆ. ಬಿಟ್ಟವರು ಎಂಜಿನ್ ಆರಿಸದೆ ಮುಂದೆ ಹೋಗಿ, ತಿರುವು ದಾಟಿದ ಮೇಲೆ ನಿಲ್ಲಿಸಿ ಆ ಬಾಗಿಲು ಹಾಕಿಕೊಳ್ಳುತ್ತಾರೆ. ಜಿಂಕೆಗೇನು ಲೆಕ್ಕ ಬರುತ್ತದೆಯೇ? ಬಂದ ಗಾಡಿ ಹೋಯಿತಲ್ಲ ಎಂದು ಹೊರಬರುತ್ತದೆ.

ಹಾಗೆ ಬಿಟ್ಟು ಬರುವವಳು ನಾನು, ಆರ್ಡಿಸ್. ಮದುವೆಯಾದ ವರ್ಷದಿಂದಲೂ ಪ್ರತಿ ನವೆಂಬರ್‌ನಲ್ಲಿ ಗಂಡ ವೆಂಡೆಲ್‌ನನ್ನು ನಮ್ಮ ಜಮೀನಿನ ಹಿಂಬದಿಯ ಮೇವಿನ ಹೊಲದಲ್ಲಿ, ಅವನ ಅಟ್ಟಣೆಯ ಬುಡಕ್ಕೆ ಇಳಿಸಿ ಬರುತ್ತಿದ್ದೆ. ಸಂಜೆ ಬೂಟು ಬಿಚ್ಚುತ್ತಾ ಶುರು ಮಾಡುತ್ತಿದ್ದ. "ನೀನು ಹೋದ್ಮೇಲೆ ನೋಡ್ಬೇಕು ಕಣೇ! ಮೊದ್ಲು ಒಂದು ಹೆಣ್ಣು ಜಿಂಕೆ ಮೂಗು ಹೊರಗೆ ಹಾಕತ್ತೆ. ಆಮೇಲೆ ಇಡೀ ಸಂಸಾರ. ಮದ್ವೆ ಮನೆಗೆ ಬಂದಂಗೆ ಬರ್ತವೆ."

"ನಾನು ಹೋದ್ಮೇಲೇ ಆಗೋದನ್ನ ನಾನು ಹೆಂಗಯ್ಯಾ ನೋಡ್ಲಿ?" ಎಂದು ರೇಗುತ್ತಿದ್ದೆ. ನಗುತ್ತಿದ್ದ, ಕಳ್ಳ.

ಈ ಮಾರ್ಚ್‌ನಲ್ಲಿ ಅವನೇ ಹೋದ. ನವೆಂಬರ್‌ನಲ್ಲಿ ಬೇಟೆ ಶುರುವಾಗುವ ಶನಿವಾರ ಅವನ ಅಟ್ಟಣೆಯಲ್ಲಿ ಕೂತು, ಅವನು ಕಂಡಿದ್ದನ್ನು ಒಂದು ಸಲ ಕಾಣಲೇಬೇಕು ಎಂದು ನನಗೆ ಹಟ ಬಂತು. ಕೋವಿ ಬೇಡ, ನೋಡಿದರೆ ಸಾಕು. ನಡೆದು ಹೋಗೋಣವೆಂದರೆ ಈ ಹಾಳು ಮಂಡಿ ಅರ್ಧ ದಾರಿಗೇ ಕೈಕೊಡುತ್ತದೆ.

ಮೈದುನ ರಾಯ್ಸ್ ಬೇಟೆಗೆಂದು ಕೊಂಡ ತನ್ನ ಹೊಸ ಕಿತ್ತಳೆ ಬಣ್ಣದ ಕೋಟು ತೋರಿಸಲು ಬಂದಾಗ ಬಾಯಿಬಿಟ್ಟೆ. "ಶನಿವಾರ ನನ್ನನ್ನೂ ಯಾರಾದ್ರೂ ಬಿಟ್ಟು ಬರ್ಬೇಕಲ್ಲಪ್ಪ."

"ಒಳ್ಳೆ ತಮಾಷೆ ಅತ್ತಿಗೆ! ನಮ್ಮನ್ನೆಲ್ಲ ಬಿಡೋರೇ ನೀವು. ಡ್ರೈವರಿಗೆ ಇನ್ನೊಬ್ಬ ಡ್ರೈವರನ್ನ ಎಲ್ಲಿಂದ ತರೋಣ?"

"ನೀನೇ ಬಾ. ಸ್ವಲ್ಪ ತಡವಾದ್ರೆ ಗಂಟೇನು ಹೋಗತ್ತೆ?"

"ಮೊದಲ್ನೇ ದಿನ ಬೆಳಗಿನ ಜಾವಾನಾ? ಅಣ್ಣ ಇದ್ದಿದ್ರೆ ಅವ್ನೂ ಬರ್ತಿರ್ಲಿಲ್ಲ ಬಿಡಿ."

ನಿಜವನ್ನೇ ಹೇಳಿದ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಶನಿವಾರ ನಸುಕಿನಲ್ಲಿ ಅವನ ಗೆಳೆಯರಿಬ್ಬರನ್ನೂ, ಕೊನೆಗೆ ನಮ್ಮ ಪಕ್ಕದ ಹೊಲದಲ್ಲಿ ಅವನನ್ನೂ ಇಳಿಸಿದೆ. ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಬೇರೆ ದಾರಿ ಕಾಣದೆ ಗಾಡಿಯನ್ನು ನೇರ ವೆಂಡೆಲ್‌ನ ಅಟ್ಟಣೆಯ ಕೆಳಗೆ ತಂದು, ಎಂಜಿನ್ ಆರಿಸಿ, ಅವನ ಕೋಟು ತೊಟ್ಟು, ಏಣಿಯನ್ನು ಬೈಯುತ್ತಾ ಹತ್ತಿದೆ. ಕೂರುವ ಹಲಗೆ ಅವನ ಮೈಗೆ ತಕ್ಕಂತೆ ಸವೆದಿತ್ತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕಾದೆ. ಅಯ್ಯೋ, ಎಂಥ ಚಳಿ! ಪಕ್ಕದಲ್ಲಿ ಅವನಿದ್ದಿದ್ದರೆ ಬಾಯಿ ಮುಚ್ಚು ಅನ್ನುತ್ತಿದ್ದ, ಅದನ್ನಾದರೂ ಕೇಳಬಹುದಿತ್ತು.

ಬೆಳಕು ಹರಿದಾಗ ಮರಗಳ ಸಂದಿಯಲ್ಲಿ ಒಂದು ಮೂಗು ಕಂಡಿತು. ಕಾಫಿಯನ್ನು ಮೆಲ್ಲಗೆ ಕೆಳಗಿಟ್ಟೆ. ಅದರ ಹಿಂದೆ ಇನ್ನೂ ಕೆಲವು. ಮೇಲಿದ್ದ ನನ್ನನ್ನು ಒಂದೂ ನೋಡಲಿಲ್ಲ, ಎಲ್ಲದರ ಕಣ್ಣೂ ಕೆಳಗೆ ನಿಂತ ಗಾಡಿಯ ಮೇಲೆ. ಹೆಣ್ಣು ಜಿಂಕೆ ಮುಂಗಾಲನ್ನು ನೆಲಕ್ಕೆ ಕುಟ್ಟಿತು. ಒಂದು ಹೆಜ್ಜೆಯೂ ಮುಂದಿಡಲಿಲ್ಲ.

ಜೇಬಿನಲ್ಲಿ ಫೋನು ನಡುಗಿತು. ರಾಯ್ಸ್ ಬರೆದಿದ್ದ: "ಅತ್ತಿಗೆ, ನಿಮ್ಮ ಗಾಡಿ ಹೋದ ಸದ್ದೇ ಕೇಳ್ಲಿಲ್ಲ. ಇನ್ನೂ ಅಲ್ಲೇ ಇದೀರಾ? ದಯವಿಟ್ಟು ಹೊರಡಿ, ಜಿಂಕೆ ಬರಲ್ಲ."

ಅವನೂ ಅಷ್ಟೇ, ಜಿಂಕೆಗಳೂ ಅಷ್ಟೇ. ಎಲ್ಲರೂ ನಾನು ಹೋಗಲೆಂದೇ ಕಾಯುತ್ತಿದ್ದರು. ಫೋನನ್ನು ಜೇಬಿಗೆ ತುರುಕಿದೆ.

"ಹೋಗ್ತೀನಿ ಕಣ್ರೇ, ಹೋಗ್ತೀನಿ. ನಿಮ್ಮ ಮದ್ವೆ ಮನೆ ನೀವೇ ಇಟ್ಕೊಳ್ಳಿ" ಎಂದು ಇಳಿದೆ. ಅವು ಮರಗಳ ಹಿಂದೆ ಸರಿದವು.

ನಿಧಾನವಾಗಿ ಗಾಡಿ ಬಿಟ್ಟೆ. ಪಕ್ಕದ ಕನ್ನಡಿಯಲ್ಲಿ ಹೊಲ ಅಂಗೈಯಷ್ಟು ಕಾಣುತ್ತಿತ್ತು. ಮೊದಲು ಹೆಣ್ಣು ಜಿಂಕೆ ಬಂತು. ಆಮೇಲೆ ಇಡೀ ಸಂಸಾರ, ಖಾಲಿ ಅಟ್ಟಣೆಯ ಕೆಳಗೇ. ವೆಂಡೆಲ್ ಸುಳ್ಳು ಹೇಳಿರಲಿಲ್ಲ. ಅಷ್ಟರಲ್ಲಿ ತಿರುವು ಬಂತು.

ತಿರುವು ದಾಟಿ ಅಭ್ಯಾಸದಂತೆ ನಿಲ್ಲಿಸಿದೆ. ಪಕ್ಕದ ಸೀಟಿನ ಬಾಗಿಲು ಹಾಕಿಕೊಳ್ಳಲು ಕೈ ಚಾಚಿದೆ. ಅದು ಮುಚ್ಚಿಯೇ ಇತ್ತು. ಆ ಹೊಲದಲ್ಲಿ ಈ ಸಲ ಯಾರನ್ನೂ ಇಳಿಸಿ ಬಂದಿರಲಿಲ್ಲ.