ಎದೆಗೆ ಒತ್ತಿದ ಕೋಲು

ಸಹಿ ಹಾಕಬೇಕಾದ ಕಾಗದವನ್ನು ರಾಮಾಂಜಿನಮ್ಮ ಎರಡನೇ ಸಲ ಓದಿದಳು. ತಿರುಪತಿಗೆ ಮೊದಲಿನಿಂದಲೂ ಹೃದಯದ ಕಾಯಿಲೆ ಇತ್ತು ಎಂದು ತೆಲುಗಿನಲ್ಲಿ ಟೈಪಾಗಿತ್ತು. ಕೆಳಗೆ ಅವಳ ಹೆಸರು, ಪಕ್ಕದಲ್ಲಿ ಅವನ ಹೆಂಡತಿ ವನಿತಾಳ ಹೆಸರು.

ತಿರುಪತಿ ಅವಳ ತಮ್ಮ. ಆಂಧ್ರದ ಗಡಿಯ ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಅವಳು ಹೊಲಿಯುತ್ತಿದ್ದಳು, ಅವನು ಪ್ಯಾಂಟು ತೊಳೆಯುತ್ತಿದ್ದ. ಕಳೆದ ತಿಂಗಳು ಮೂವರನ್ನು ಕೆಲಸದಿಂದ ತೆಗೆದಾಗ, ಯಾಕೆಂದು ಕೇಳಲು ಅವನು ಗೇಟಿಗೆ ಹೋದ. ಕಾವಲಿನವನು ಕರೆಂಟಿನ ಕೋಲನ್ನು ಅವನ ಒದ್ದೆ ಅಂಗಿಯ ಮೇಲೆ, ಎಡ ಎದೆಗೆ ಒತ್ತಿ ಹಿಡಿದ. ತಿರುಪತಿ ನಿಂತಲ್ಲೇ ಕುಸಿದ. ಆಟೋ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಈಗ ಆ ಸಾವಿನ ವಿಚಾರಣೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿಯ ಮುಂದೆ ಕಾರ್ಖಾನೆಯ ಮ್ಯಾನೇಜರ್ ಓಬುಲೇಶ್ ಅಂಥದೇ ಇನ್ನೊಂದು ಕೋಲನ್ನು ಮೇಜಿನ ಮೇಲಿಟ್ಟಿದ್ದ. ಬರೀ ಬ್ಯಾಟರಿಯದು, ನಾಯಿ ಬೆದರಿಸಲು ಇಟ್ಟದ್ದು, ಹೃದಯಕ್ಕೆ ಏನೂ ಮಾಡದು ಎಂದ. ಶವಪರೀಕ್ಷೆ ಮಾಡಿದ ಡಾಕ್ಟರು ಬೇರೆಯೇ ಹೇಳಿದ್ದರು. ಎದೆಗೆ ತಗುಲಿದ ಕರೆಂಟು ಬಡಿತದ ಲಯ ಕೆಡಿಸಬಲ್ಲದು. ಆದರೆ ಕೆಟ್ಟ ಲಯ ಸತ್ತವರ ಮೈಯಲ್ಲಿ ಗುರುತು ಉಳಿಸುವುದಿಲ್ಲ. ಗುರುತಿಲ್ಲ ಎಂಬುದನ್ನೇ ಓಬುಲೇಶ್ ಹಿಡಿದುಕೊಂಡಿದ್ದ. ತಾನು ತಂದ ಕಾಗದಕ್ಕೆ ಸಹಿ ಹಾಕಿದರೆ ವನಿತಾಳಿಗೆ ಕಾಯಂ ಕೆಲಸ ಎಂದೂ ಸೇರಿಸಿದ.

ರಾಮಾಂಜಿನಮ್ಮ ಕಾಗದವನ್ನು ಹಿಂದಕ್ಕೆ ಸರಿಸಿದಳು. "ನನ್ನ ತಮ್ಮ ಒದ್ದಿ ಪ್ಯಾಂಟಿನ ಮೂಟಿ ಹೊತ್ತು ದಿನಾ ಮಾಳಿಗಿ ಹತ್ತತಿದ್ದ. ಅವನ ಎದಿ ಸರಿ ಇರಲಿಲ್ಲ ಅಂತ ನಾ ಬರಕೊಡಂಗಿಲ್ರಿ."

ಆಮೇಲೆ ಕೋಲನ್ನು ಅವನ ಕಡೆ ತಳ್ಳಿದಳು. "ಏನೂ ಆಗಂಗಿಲ್ಲ ಅಂದ್ರಲ್ಲ. ನಿಮ್ಮ ಎದಿಗೆ ಒತ್ತಿ ತೋರಸ್ರಿ."

ಓಬುಲೇಶ್ ನಗಲು ನೋಡಿದ. ಯಾರೂ ನಗಲಿಲ್ಲ. ಅಧಿಕಾರಿಯೂ ಅವನನ್ನೇ ನೋಡುತ್ತಿದ್ದರು. ಇದೇನು ತಮಾಷೆಯ ಜಾಗವೇ ಎಂದು ಕೇಳಿದ. ಕೈ ಮಾತ್ರ ಮೇಜಿನ ಕೆಳಗೇ ಉಳಿಯಿತು.

"ಬರಕೊಳ್ರಿ," ಎಂದು ಅವಳು ಗುಮಾಸ್ತನ ಕಡೆ ತಿರುಗಿದಳು. "ಒತ್ತಿಕೊಳ್ರಿ ಅಂದೆ, ಸಾಹೇಬ್ರು ಕೋಲು ಮುಟ್ಟಲಿಲ್ಲ ಅಂತ."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬರೆದು ಮುಗಿಸಿದ ಮೇಲೆ, ಪಕ್ಕದಲ್ಲೇ ಕೂತಿದ್ದ ವನಿತಾ ಅದನ್ನು ಓದಿಸಿ ಕೇಳಿದಳು.

"ಹೌದ್ರಿ, ಹಂಗ ಆತು," ಎಂದಳು. ಗುಮಾಸ್ತ ಬರೆದದ್ದರ ಕೆಳಗೆ ಮೊದಲ ಸಹಿ ಅವಳೇ ಹಾಕಿದಳು.

ಹೊರಗೆ ಮೆಟ್ಟಿಲ ಮೇಲೆ ಕೂತು ವನಿತಾ ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು ಅರ್ಧ ರಾಮಾಂಜಿನಮ್ಮನ ಕೈಗಿಟ್ಟಳು. ಒಳಗೆ ಹೋಗುವವರು, ಬರುವವರು ಅವರನ್ನು ಬಳಸಿಕೊಂಡು ನಡೆದರು. ಇಬ್ಬರೂ ಅವಸರ ಮಾಡದೆ ಪೂರಾ ತಿಂದರು.