ಚುರುಕಾದ ಸೊಸೆ

ಲೆಂಚೆಯ ಕೈಯಿಂದ ಸುಟ್ಟ ದಪ್ಪ ಮೆಣಸಿನಕಾಯಿ ಮೂರನೆಯ ಸಲ ಜಾರಿ ಬಿತ್ತು. ಅತ್ತೆ ನೋಡಿದಳೇನೋ ಎಂದು ಕತ್ತೆತ್ತಿದಳು. ವೆಲಿಕಾ ಬೇಲಿಯ ಬಳಿ ನಿಂತು ನೆರೆಯವಳ ಮುಂದೆ ಸೊಸೆಯ ಗುಣಗಾನ ಮಾಡುತ್ತಿದ್ದಳು. ಬೆಳಗಿನಿಂದ ನಲವತ್ತು ಕಿಲೋ ಕಾಯಿ ಸುಟ್ಟು ಸಿಪ್ಪೆ ಸುಲಿದಿದ್ದಾಳಂತೆ, ದಣಿವೆಂಬುದೇ ಇಲ್ಲವಂತೆ.

ಇದೇ ವೆಲಿಕಾ ಹನ್ನೊಂದು ವರ್ಷ, ಸೊಸೆ ಕೂತಲ್ಲೇ ಬೇರು ಬಿಡುತ್ತಾಳೆ ಎಂದು ಊರೆಲ್ಲ ಹೇಳಿಕೊಂಡು ಬಂದವಳು. ಲೆಂಚೆಯ ಥೈರಾಯ್ಡ್ ಗ್ರಂಥಿ ಮಂದವಾಗಿತ್ತು. ದಿನಾ ಬೆಳಿಗ್ಗೆ ಒಂದು ಮಾತ್ರೆ, ಜೀವ ಇರುವತನಕ ಎಂದಿದ್ದರು. ನುಂಗಿದರೂ ಮೈ ಭಾರವೇ. ಈ ಬೇಸಿಗೆಯಲ್ಲಿ ಏನಾಯಿತೋ, ಯಾರೋ ಒಳಗೆ ಕೀಲಿ ಕೊಟ್ಟಂತಾಯಿತು. ನಿದ್ದೆ ಬೇಡ, ಕುರ್ಚಿ ಬೇಡ. ಗೋಡೆಗೆ ಸುಣ್ಣ ಹೊಡೆದಳು, ಕಂಬಳಿ ಒಗೆದಳು, ಎಂಟು ಕಿಲೋ ಇಳಿದಳು. ಅತ್ತೆಯ ಬಾಯಲ್ಲಿ ಮೊದಲ ಸಲ ‘ನನ್ನ ಹುಡುಗಿ’ ಎಂದು ಬಂತು. ಪಾಪ, ಲೆಂಚೆ ಅದೊಂದು ಮಾತಿಗೆ ಎಷ್ಟು ಹಸಿದಿದ್ದಳೋ.

ಮೊನ್ನೆ ಪಟ್ಟಣದ ಡಾಕ್ಟರಮ್ಮ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. ಕಾಯಿಲೆ ಮಗ್ಗುಲು ಬದಲಿಸಿದೆ, ಅಪರೂಪಕ್ಕೆ ಹೀಗಾಗುತ್ತದೆ, ಮಂದವಿದ್ದದ್ದು ಈಗ ಹದ್ದುಮೀರಿ ಓಡುತ್ತಿದೆ. ಹಳೆಯ ಮಾತ್ರೆ ಇವತ್ತೇ ನಿಲ್ಲಿಸು, ಸೋಮವಾರ ಬಾ, ಬೇರೆ ಔಷಧಿ ಕೊಡುತ್ತೇನೆ, ಇಲ್ಲದಿದ್ದರೆ ಹೃದಯಕ್ಕೆ ಕುತ್ತು ಎಂದರು. ಲೆಂಚೆ ತಲೆಯಾಡಿಸಿ ಬಂದಳು. ಇವತ್ತು ಬೆಳಿಗ್ಗೆಯೂ ಹಳೆಯ ಮಾತ್ರೆಯನ್ನೇ ನುಂಗಿದಳು. ಮತ್ತೆ ಕೂತಲ್ಲೇ ಬೇರು ಬಿಡುವವಳಾಗಲು ಅವಳಿಗೆ ಭಯ.

ಮಧ್ಯಾಹ್ನ ಹಂಡೆ ಒಲೆಗೇರಿತು. ಚಳಿಗಾಲಕ್ಕೆಂದು ಆ ಕಾಯಿಯಿಂದ ಮಾಡಿಡುವ ಆಯ್ವರ್ ಗೊಜ್ಜು ತಳ ಹಿಡಿಯದಂತೆ ಮರದ ಹುಟ್ಟಿನಿಂದ ಒಂದೇ ಹದದಲ್ಲಿ ತಿರುವುತ್ತಿರಬೇಕು. ಲೆಂಚೆಯ ಹುಟ್ಟು ಹಂಡೆಯ ಅಂಚಿಗೆ ಟಕಟಕ ಬಡಿಯುತ್ತಿತ್ತು. ವೆಲಿಕಾ ಬಂದು ಅವಳ ಮಣಿಕಟ್ಟು ಹಿಡಿದಳು. ಹಿಡಿದವಳು ಬಿಡಲಿಲ್ಲ.

“ಏನೇ ಇದು, ನಾಡಿ ಹೀಗೆ ಹೊಡ್ಕೋತಿದೆ?”

“ಏನಿಲ್ಲ ಅತ್ತೆ, ಒಲೆ ಬಿಸಿ.”

“ಐವತ್ತು ವರ್ಷದಿಂದ ಒಲೆ ಮುಂದೆ ನಿಂತಿದ್ದೀನಿ. ನನ್ನ ಹತ್ರ ಒಲೆ ಕಥೆ ಹೇಳ್ಬೇಡ.”

ಲೆಂಚೆಗೆ ಅಳು ಬಂತು. ಡಾಕ್ಟರಮ್ಮ ಅಂದದ್ದನ್ನೆಲ್ಲ ಹೇಳಿಬಿಟ್ಟಳು. “ಮಾತ್ರೆ ನಿಲ್ಸಿದ್ರೆ ಮತ್ತೆ ಮೊದಲಿನ ಹಾಗಾಗ್ತೀನಿ. ಆಗ ಬೇಲಿ ಹತ್ರ ನನ್ನ ಬಗ್ಗೆ ಏನು ಹೇಳ್ತೀರಿ?”

ವೆಲಿಕಾ ಒಳಗೆ ಹೋದಳು, ಅಡುಗೆಮನೆಯ ಕಪಾಟು ಸದ್ದಾಯಿತು. ಮರಳಿದಾಗ ಮಾತ್ರೆಯ ಡಬ್ಬಿ ಅವಳ ಏಪ್ರನ್ ಜೇಬಿನಲ್ಲಿತ್ತು. ಕೈಯಲ್ಲಿ ಅವಳದೇ ದಿಂಬಿನ ಕುರ್ಚಿ, ಬೇರೆ ಯಾರನ್ನೂ ಕೂರಗೊಡದ್ದು. ಅದನ್ನು ಒಲೆಯ ಪಕ್ಕ ಇಟ್ಟಳು.

“ಕೂತ್ಕೊ.”

ಲೆಂಚೆ ಕೂತಳು. ಕೂತರೂ ಹಿಮ್ಮಡಿ ನೆಲ ಕುಟ್ಟುತ್ತಲೇ ಇತ್ತು. ಬೇಲಿಯಾಚೆಯಿಂದ ನೆರೆಯವಳು, ಇದೇನು, ಸೊಸೆ ಇಷ್ಟಕ್ಕೇ ಕೂತುಬಿಟ್ಟಳೇ ಎಂದು ಕೂಗಿ ಕೇಳಿದಳು.

“ನಾನೇ ಕೂರಿಸಿದ್ದು” ಎಂದಳು ವೆಲಿಕಾ. ಬೇಲಿಗೆ ಬೆನ್ನು ಹಾಕಿ, ನಿಧಾನವಾಗಿ ಹುಟ್ಟು ತಿರುವತೊಡಗಿದಳು.